ದಾಕಿನಯ್ಯನ ಹಿಂದೆ ಸೈಕಲ್ಲು ತುಳಿದು

ಅವರ ಬಲಗಾಲಿನ ಮೀನಖಂಡದ ಮೇಲೆ ಒಂದು ಕಪ್ಪು ಪಟ್ಟೆಯಿತ್ತು. ಸೈಕಲ್ ಚೈನಿನ ಎಣ್ಣೆ ವರ್ಷಗಟ್ಟಲೆ ತಗುಲಿ ತಗುಲಿ ಚರ್ಮಕ್ಕೇ ಇಳಿದುಹೋದ ಮಸಿ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲವಂತೆ. ಪಂಚೆ ಚೈನಿಗೆ ಸಿಕ್ಕದಿರಲೆಂದು ಅಲ್ಲೊಂದು ಬಾಳೆನಾರು ಕಟ್ಟಿಕೊಳ್ಳುತ್ತಿದ್ದರು. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿ ಮಕ್ಕಳ ತೋಳು ಗೀರಿ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವುದು ಅವರ ಕೆಲಸ. ಜನ ಅವರನ್ನು ದಾಕಿನಯ್ಯ ಎನ್ನುತ್ತಿದ್ದರು. ಅವರು ಕೆಲಸ ಬಿಟ್ಟು ಮನೆ ಸೇರುವ ಕಾಲಕ್ಕೆ ಆ ಹಳ್ಳಿಗಳ ಸುತ್ತು ನನ್ನ ಪಾಲಿಗೆ ಬರಬೇಕೆಂದು ಮೇಲಿನವರು ನನ್ನನ್ನು ಅವರ ಹಿಂದೆ ಹಚ್ಚಿದ್ದರು.

ಅದು ಯುದ್ಧದ ಕಾಲ. ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು, ಓಡದ ದಿನಗಳೇ ಹೆಚ್ಚು. ಸೈಕಲ್ ಬಾರದವನಿಗೆ ಈ ಕೆಲಸವಿಲ್ಲ ಎಂದಿದ್ದರು. ಹೊಸದಾಗಿ ಮದುವೆಯಾದವನು, ಬರುತ್ತದೆ ಎಂದುಬಿಟ್ಟೆ. ಆಮೇಲೆ ಎಂಟು ದಿನ ಮಂಡ್ಯದ ಬಯಲಿನಲ್ಲಿ ಬಿದ್ದು ಎದ್ದು ಕಲಿತೆ.

ಹೊರಡುವ ದಿನ ನಾನು ಕ್ಯಾರಿಯರಿಗೆ ಟ್ರಂಕು, ದಿಂಬು, ಕನ್ನಡಿ, ಎರಡು ಜೊತೆ ಚಪ್ಪಲಿ ಕಟ್ಟಿಕೊಂಡು ಬಂದೆ. ದಾಕಿನಯ್ಯ ಸುತ್ತ ಒಂದು ಸಲ ಬಂದು ನೋಡಿದರು.

"ಇದೇನ್ಲಾ, ಹೆಣ್ಣು ಕಳಿಸ್ಕೊಡೋರಂಗೆ ಕಟ್ಟಿದ್ದೀಯ?"

ಬೀದಿಯಲ್ಲೇ ಎಲ್ಲ ಬಿಚ್ಚಿಸಿದರು. ಕೊನೆಗೆ ಉಳಿದದ್ದು ಒಂದು ಕಂಬಳಿ, ಒಂದು ತಪ್ಪಲೆ, ರಾಗಿಹಿಟ್ಟು, ಉಪ್ಪು, ಮೆಣಸಿನಕಾಯಿ, ಗಾಳಿ ಹೊಡೆಯುವ ಪಂಪು. "ಕ್ಯಾಂಪು ಅಂದ್ರೆ ಡೇರೆ ಅಲ್ಲ ಕಣಪ್ಪ. ಮೂರು ಕಲ್ಲು, ಒಂದು ನೆರಳು. ಮಿಕ್ಕಿದ್ದೆಲ್ಲ ಭಾರ," ಎಂದರು.

ಅವರಿಗೆ ಆಗಲೇ ಮಂಡಿನೋವು. "ಸಾಕಾಯ್ತು" ಎಂದೇ ಮೈಲಿಕಲ್ಲಿನ ಮೇಲೆ ಕೂರುತ್ತಿದ್ದರು, "ಸಾಕಾಯ್ತು" ಎಂದೇ ಏಳುತ್ತಿದ್ದರು. ಏರು ಕಂಡರೆ ಅದು ಶುರುವಾಗುವ ಮೊದಲೇ ಇಳಿದು ಸೈಕಲ್ಲು ತಳ್ಳುವರು. ನಾನು ಹುರುಪಿನಲ್ಲಿ ತುಳಿದುಕೊಂಡು ಹೋಗಿ ಅರ್ಧದಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರೆ, ನಿಧಾನವಾಗಿ ಪಕ್ಕದಲ್ಲೇ ಹಾದುಹೋಗುವರು. "ಅರ್ಧ ಅತ್ತಿ ಇಳ್ಯೋನು ಸಾಯಂಕಾಲುಕ್ಕೆ ಉಳಿಯಾಕಿಲ್ಲ," ಎನ್ನುವರು. ಬೈಗುಳದ ದನಿಯಲ್ಲ, ದಣಿದವರ ದನಿ.

ದಾಕಿನ ಔಷಧಿ ಸಣ್ಣ ಗಾಜಿನ ನಳಿಕೆಗಳಲ್ಲಿ ಇರುತ್ತಿತ್ತು. ಅವುಗಳ ತಗಡಿನ ಡಬ್ಬಿಗೆ ಸದಾ ಒದ್ದೆಬಟ್ಟೆ ಸುತ್ತಿರಬೇಕು. ಬಿಸಿ ತಾಗಿದರೆ ಔಷಧಿ ಸತ್ತ ಹಾಗೆ. ಬಾವಿ ಕಂಡಲ್ಲೆಲ್ಲ ಅವರು ಮೊದಲು ಬಟ್ಟೆ ನೆನೆಸಿ ಆಮೇಲೆ ತಾವು ನೀರು ಕುಡಿಯುತ್ತಿದ್ದರು.

ಮೂರನೆಯ ದಿನಕ್ಕೆ ನನ್ನ ತೊಡೆಗಳು ಸೀಟಿಗೆ ಉಜ್ಜಿ ಉಜ್ಜಿ ಸುಲಿದುಹೋಗಿದ್ದವು. ಮಳವಳ್ಳಿ ದಾರಿಯಲ್ಲಿ ಹೊಂಗೆಮರದ ಕೆಳಗೆ ಮುದ್ದೆ ಉಂಡು ಅವರು ಟೋಪಿಯನ್ನು ಮುಖಕ್ಕೆ ಹಾಕಿಕೊಂಡು ಮಲಗಿದರು. ನನಗೆ ಉರಿ ತಡೆಯಲಾಗಲಿಲ್ಲ. ಡಬ್ಬಿಯ ಒದ್ದೆಬಟ್ಟೆ ಬಿಚ್ಚಿ ತೊಡೆಗಳ ನಡುವೆ ಇಟ್ಟುಕೊಂಡೆ. ಎಂಥ ಸುಖ! ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಬಟ್ಟೆ ಒಣಗಿತ್ತು, ನೆರಳು ಸರಿದು ಡಬ್ಬಿ ಬಿಸಿಲಿನಲ್ಲಿತ್ತು. ಬಟ್ಟೆ ನೆನೆಸಿ ಮತ್ತೆ ಸುತ್ತಿದೆ, ಬಾಯಿ ಬಿಡಲಿಲ್ಲ. ಕೆಲಸ ಹೋಗುವ ಭಯ.

ಮಾರನೆಯ ಬೆಳಿಗ್ಗೆ ಮುಂದಿನ ಹಳ್ಳಿಯ ಒಂದು ಕೇರಿಯ ಮಕ್ಕಳಿಗೆಲ್ಲ ಅದೇ ದಾಕು ಹಾಕಿದೆವು. ಪಕ್ಕದ ಊರಿನಲ್ಲಿ ಆಗಲೇ ಸಿಡುಬು ಬಂದಿತ್ತು. ಎಂಟನೆಯ ದಿನ ನೋಡಲು ಹೋದಾಗ ಒಬ್ಬ ತಾಯಿ ಮಗಳ ತೋಳು ಮುಂದೆ ಹಿಡಿದಳು. ಗುಳ್ಳೆ ಎದ್ದಿರಬೇಕಾದ ಕಡೆ ಬರೀ ಗೀರು.

"ದಾಕು ಅತ್ತೇ ಇಲ್ವಲ್ಲಯ್ಯ," ಎಂದಳು.

ಯಾವ ಮಗುವಿಗೂ ಹತ್ತಿರಲಿಲ್ಲ. ದಾಕಿನಯ್ಯ ನನ್ನ ಕಡೆ ತಿರುಗಿ, "ಡಬ್ಬಿ ಬಟ್ಟೆ ಬಿಚ್ಚಿದ್ಯಾ?" ಎಂದು ಮೆಲ್ಲಗೆ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಜಗುಲಿಯ ಮೇಲೆ ಕೂತರು. ಕೂತಲ್ಲಿಂದಲೇ ಕೇರಿಯ ಹೆಂಗಸರನ್ನು ಕರೆದರು.

"ಕೆಟ್ಟೋದ ದಾಕು ಆಕ್ಬುಟ್ಟಿದ್ದೀವಿ ಕಣ್ರವ್ವಾ. ತಪ್ಪು ನಮ್ದು. ಮತ್ತೆ ಆಕ್ತೀವಿ."

ನನ್ನೊಬ್ಬನನ್ನೇ ಮಳವಳ್ಳಿ ಆಸ್ಪತ್ರೆಗೆ ಅಟ್ಟಿದರು. "ನೀ ಓಗಿ ವೊಸ ದಾಕು ತತ್ತಾ. ನಾನಿಲ್ಲೇ ಕೂತಿರ್ತೀನಿ. ಇಬ್ರೂ ಓದ್ರೆ ಓಡೋದ್ರು ಅಂತಾರೆ." ಅವತ್ತು ಪ್ರತಿ ಏರಿನಲ್ಲೂ ಮೊದಲೇ ಇಳಿದು ತಳ್ಳಿದೆ. ಡಬ್ಬಿಯ ಬಟ್ಟೆ ಒಣಗಲು ಬಿಡಲಿಲ್ಲ. ಮರುದಿನ ಹಿಂದಿರುಗಿದಾಗ ಅವರು ಅದೇ ಜಗುಲಿಯ ಮೇಲೆ ಕೂತಿದ್ದರು.

ಎಲ್ಲರೂ ಮತ್ತೆ ತೋಳು ಕೊಟ್ಟರು, ಮೊದಲು ತೋರಿಸಿದ ಆ ತಾಯಿಯೊಬ್ಬಳನ್ನು ಬಿಟ್ಟು. "ಒಂದ್ಸಲ ಗೀರಿಸ್ಕೊಂಡು ಮಗು ಅತ್ತಿದ್ದು ಸಾಕು ಬುಡಿ," ಎಂದು ಬಾಗಿಲು ಹಾಕಿಕೊಂಡಳು. ದಾಕಿನಯ್ಯ ಎಷ್ಟು ಬೇಡಿದರೂ ತೆರೆಯಲಿಲ್ಲ. ಮುಂದಿನ ತಿಂಗಳು ಆ ಹುಡುಗಿಗೆ ಸಿಡುಬು ಬಂತು. ಜೀವ ಉಳಿಯಿತು, ಬಲಗಣ್ಣು ಹೋಯಿತು.

ಸುದ್ದಿ ತಿಳಿದ ದಿನ ದಾರಿಯಲ್ಲಿ ನಾನು ಅತ್ತುಬಿಟ್ಟೆ. "ತಪ್ಪು ಇವನ್ದು ಅಂತ ನೀವು ಹೇಳ್ಬೇಕಿತ್ತು ಅಯ್ಯ," ಎಂದೆ.

"ತೊಡೆಗೆ ಅರಳೆಣ್ಣೆ ಅಚ್ಕೊ ಅಂತ ನಾ ಯೋಳ್ಕೊಡ್ಲಿಲ್ಲ. ನೀ ಬಟ್ಟೆ ಬಿಚ್ದೆ. ತಪ್ಪು ಇಬ್ರುದೂವೆ," ಎಂದರು. ಸೈಕಲ್ಲು ತಳ್ಳುತ್ತಾ ಮುಂದೆ ನಡೆದರು. ಮೇಲಿನವರಿಗೆ ಬರೆದ ವರದಿಯಲ್ಲೂ "ನಮ್ಮಿಂದ" ಎಂದೇ ಬರೆದರು, ನನ್ನ ಕೆಲಸ ಉಳಿಯಿತು. ಆಮೇಲೆ ಎರಡು ವರ್ಷ ಆ ಊರಿಗೆ ಹೋದಾಗಲೆಲ್ಲ ಇಬ್ಬರೂ ಮೊದಲು ಆ ಮನೆಯ ಮುಂದೆ ಇಳಿಯುತ್ತಿದ್ದೆವು. ಅವರು ಹುಡುಗಿಯ ಯೋಗಕ್ಷೇಮ ಕೇಳುವರು, ನಾನು ಸೈಕಲ್ಲು ಹಿಡಿದು ನೆಲ ನೋಡುತ್ತಾ ನಿಲ್ಲುವೆನು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ದಾಕಿನಯ್ಯ ಮಂಡ್ಯದ ತಮ್ಮ ಮನೆಯಲ್ಲಿ ಜ್ವರದಿಂದ ತೀರಿಕೊಂಡರು. ನಾನು ಮಳವಳ್ಳಿಯ ಆಚೆ ಕ್ಯಾಂಪಿನಲ್ಲಿದ್ದೆ. ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂದಿನ ಸುತ್ತಿನಲ್ಲಿ ಆ ಊರಿಗೆ ಒಬ್ಬನೇ ಹೋದೆ. ಹುಡುಗಿ ಬಾಗಿಲಿಗೆ ಬಂದು, "ದಾಕಿನಯ್ಯ ಎಲ್ಲಿ?" ಎಂದಳು. ಇಲ್ಲ ಎಂದೆ. ಅವರು ಬದುಕಿರುವಷ್ಟು ದಿನ ಇಬ್ಬರದಾಗಿದ್ದ ತಪ್ಪು ಅವತ್ತಿನಿಂದ ನನ್ನೊಬ್ಬನದಾಯಿತು.