ಬಲ್ಬು ಸುಟ್ಟರೆ ಸುಡಲಿ

ಹಗರೆಯ ಶಾಲೆಗೆ ಕಂಪ್ಯೂಟರುಗಳು ಬಂದಾಗ ವಿಜ್ಞಾನದ ಮೇಡಂ ಒಬ್ಬರಿದ್ದರು. ಒಂದೊಂದರ ಮುಂದೆ ಮೂವರು ಮಕ್ಕಳನ್ನು ಕೂರಿಸಿ, ತಾವು ಕೈಕಟ್ಟಿ ಹಿಂದೆ ನಿಲ್ಲುತ್ತಿದ್ದರು. ಮೌಸ್ ಹಿಡಿದವರು ಬಾಯಿ ಬಿಡುವಂತಿಲ್ಲ. ಉಳಿದಿಬ್ಬರು ಹೇಳಿದಂತೆ ಪರದೆಯ ಮೇಲೆ ಸೆಲ್ಲು, ತಂತಿ, ಬಲ್ಬು ಜೋಡಿಸಬೇಕು.

"ತಪ್ಪು ಮಾಡ್ರವ್ವಾ, ಈ ಬಲ್ಬು ಸುಟ್ರೆ ಯಾರಪ್ಪನ ಗಂಟೇನು ಹೋಗುತ್ತೆ?" ಎನ್ನುವುದು ಅವರ ಮಾತು.

ತಪ್ಪು ಹೇಳಿದರೆ ನಗುತ್ತಾರೆಂದು ತರಗತಿಯಲ್ಲಿ ತುಟಿ ಬಿಚ್ಚದ ನನ್ನ ಮಗಳು, ಸ್ಕೂಲೇ ಬೇಡವೆಂದು ಹಟ ಹಿಡಿದಿದ್ದಳು. ಶಾಲೆ ಬಿಡಿಸುತ್ತೇನೆಂದು ಹೇಳಲು ಹೋದೆ. ಒಂದು ಮಾತು ಹೇಳಬೇಕಿತ್ತು ಎಂದ ಕೂಡಲೇ ಮೇಡಂ ಬಾಗಿಲಲ್ಲೇ, "ಒಂದ್ನಿಮಿಷ ನಿಂತ್ಕೊಳ್ಳಿ ಅಕ್ಕಾ" ಎಂದರು.

ಒಳಗೆ ಪರದೆಯ ಬಲ್ಬು ಢಮ್ಮೆಂದಿತು.

"ಸೆಲ್ಲು ಜಾಸ್ತಿ ಆಯ್ತು ಕಣೇ ಗೂಬೆ, ಒಂದು ತೆಗಿ!" ಎಂದು ಕೂಗಿದವಳು ನನ್ನ ಮಗಳೇ.

ಚೆನ್ನಕೇಶವನಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಏನೋ ಹೇಳ್ಬೇಕು ಅಂತಿದ್ರಿ?" ಎಂದರು ಮೇಡಂ.

"ಏನಿಲ್ಲ ಮೇಡಂ, ಹಂಗೇ ಬಂದೆ" ಎಂದೆ.