ಮೀನಿನ ವಾಸನೆಯ ಹಿಮ

ನನ್ನ ಮಗಳಿಗೆ ಆಗ ಏಳು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ಹುಟ್ಟಿದ್ದು ಕುವೈತಿನಲ್ಲಿ. ಅವರಿಗೆ ಮಳೆಗಿಂತ ಮರಳುಗಾಳಿಯ ಪರಿಚಯವೇ ಹೆಚ್ಚು. ಆ ಡಿಸೆಂಬರಿನಲ್ಲಿ ಶಾಲೆಯ ಕ್ರಿಸ್ಮಸ್ ನೃತ್ಯಕ್ಕೆ ಮಗಳ ಮೈತುಂಬ ಹತ್ತಿ ಅಂಟಿಸಿ, ‘ನೀನು ಹಿಮ’ ಎಂದು ಹೇಳಿಬಿಟ್ಟಿದ್ದರು. ಅಂದಿನಿಂದ ಅವಳಿಗೆ ನಿಜವಾದ ಹಿಮ ಬೇಕಾಯಿತು. ಫರ್ವಾನಿಯಾದ ನಮ್ಮ ಮನೆಯ ಮೂಲೆಯಲ್ಲಿ ನಾವು ಕಟ್ಟಿದ್ದ ಗೋದಲಿಯ ಮುಂದೆ ಮೊಣಕಾಲೂರಿ ಪ್ರಾರ್ಥನೆಗೆ ಕುಳಿತಳು. ಹಬ್ಬದ ರಾತ್ರಿಯವರೆಗೆ ಬಾಲಯೇಸುವನ್ನು ಅಲ್ಲಿ ಇಡುವ ಕ್ರಮವಿಲ್ಲ. ಹಾಗಾಗಿ ತನ್ನ ಕೋರಿಕೆಯನ್ನು ಅಲ್ಲಿದ್ದ ಮಣ್ಣಿನ ದನಕ್ಕೆ ಒಪ್ಪಿಸಿದಳು: “ಪ್ಲೀಸ್, ಫರ್ವಾನಿಯಾಕ್ಕೆ ಸ್ನೋ ಕಳಿಸು.” ತಮ್ಮನೂ ಕೈಮುಗಿದು, “ಆ್ಯಂಡ್ ಒನ್ ಟ್ರಕ್,” ಎಂದು ಸೇರಿಸಿದ.

ಸೋಫಾದಲ್ಲಿದ್ದ ನನ್ನ ಗಂಡನ ಕಿವಿಗೆ ಇದು ಬಿತ್ತು. ಅವರು ಸುಲೈಬಿಯಾದ ಒಂದು ಶೀತಲ ಗೋದಾಮಿನಲ್ಲಿ ಸೂಪರ್‌ವೈಸರ್.

“ಸ್ನೋ ಬೇಕಾದ್ರೆ ಆ ದನಕ್ಕೆ ಯಾಕೆ ತೊಂದರೆ ಕೊಡ್ತೀರಿ?” ಎಂದರು. “ನಮ್ಮ ಫ್ರೀಜರ್ ರೂಮಿನಲ್ಲಿ ರಾಶಿ ಉಂಟು. ಬಾಗಿಲಿಂದ ಕೆರೆದು ದಿನಾ ಹೊರಗೆ ಬಿಸಾಡ್ತೇವೆ.”

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನೂ ಅತ್ತೆಯೂ ಕುಸ್ವಾರಿನ ಕೊನೆಯ ಕಂತು ಕರಿಯುತ್ತಿದ್ದೆವು. ಕುಸ್ವಾರ್ ಎಂದರೆ ಕ್ರಿಸ್ಮಸ್ಸಿಗೆ ಮಾಡಿ ನೆರೆಮನೆಗಳಿಗೆ ಹಂಚುವ ತಿಂಡಿಗಳು. ಅತ್ತೆ ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಕರಿಗಡುಬಿನಂಥ ನೆವ್ರಿಯ ಅಂಚು ಮಡಿಸುವ ನನ್ನ ಕ್ರಮ ಸರಿಯಿಲ್ಲ ಎಂದು ಬಂದ ದಿನದಿಂದ ಹೇಳುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಕೇಳಿಸಿತು. ಗಂಡ ಕಾರಿನ ಡಿಕ್ಕಿಯ ತುಂಬ ಥರ್ಮಾಕೋಲ್ ಪೆಟ್ಟಿಗೆ ತುಂಬಿಕೊಂಡು ಬಂದಿದ್ದರು.

ಎಲ್ಲರೂ ಕೋಟು ಹಾಕಿಕೊಂಡೆವು. ಮಕ್ಕಳ ಬಳಿ ಕೈಗವಸು ಇರಲಿಲ್ಲ, ಕೈಗೂ ಸಾಕ್ಸ್ ಹಾಕಿದೆ. ಮಗನ ತಲೆಗೆ ಅತ್ತೆ ತಮ್ಮ ಮಂಕಿ ಕ್ಯಾಪ್ ಏರಿಸಿದರು. ಕಟ್ಟಡದ ಹಿಂದಿನ ಮರಳಿನ ಖಾಲಿ ಜಾಗದಲ್ಲಿ ಗಂಡ ಪೆಟ್ಟಿಗೆಗಳನ್ನು ಬೋರಲು ಹಾಕಿದಾಗ ಇಡ್ಲಿ ರವೆಯಂಥ ಬೆಳ್ಳನೆಯ ರಾಶಿಯೊಂದು ಎದ್ದು ನಿಂತಿತು. ಮಗಳು ಎರಡೂ ಕೈ ಅದರೊಳಗೆ ತೂರಿಸಿ, ಒಂದು ಮುದ್ದೆ ಕಟ್ಟಿ, ನೇರ ಅಪ್ಪನ ಕುತ್ತಿಗೆಗೆ ಹೊಡೆದಳು. ಆಮೇಲೆ ಯಾರು ಯಾರಿಗೆ ಹೊಡೆದರೋ ಗೊತ್ತಿಲ್ಲ. ನನ್ನ ಚೂಡಿದಾರದ ಬೆನ್ನೊಳಗೂ ಒಂದು ಮುದ್ದೆ ಇಳಿಯಿತು. ಕೊನೆಗೆ ಎಲ್ಲ ಸೇರಿ ಸೊಂಟದೆತ್ತರದ ಹಿಮದ ಗೊಂಬೆ ಮಾಡಿ, ಮೂಗಿಗೆ ಒಂದು ನೆವ್ರಿ ಚುಚ್ಚಿದೆವು.

ಅಷ್ಟು ಹೊತ್ತು ಕುಸ್ವಾರಿನ ತಟ್ಟೆ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮೂಗೇರಿಸಿ ಗಾಳಿ ಎಳೆದರು.

“ಸ್ನೋಗೆ ಅಂಜಲ್ ಮೀನಿನ ವಾಸನೆ ಇರ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದರು. ವ್ಯಂಗ್ಯವೇನಲ್ಲ. ಅವರೂ ಹಿಮ ನೋಡುತ್ತಿದ್ದದ್ದು ಅದೇ ಮೊದಲು.

ನಾನು ಗಂಡನ ಮುಖ ನೋಡಿದೆ. “ಯಾವ ರೂಮಿಂದ ತಂದದ್ದು?”

“ಮೀನಿನ ರೂಮೇ,” ಎಂದರು ಅವರು. “ಅದರಲ್ಲೇ ಒಳ್ಳೆ ದಪ್ಪ ಕಟ್ಟೋದು. ವಾಸನೆ ಉಂಟಾ? ನನಗೇನೂ ಬರ್ತಿಲ್ಲ.” ವರ್ಷಗಟ್ಟಲೆ ಅಲ್ಲಿ ದುಡಿದ ಮೂಗು, ಪಾಪ, ಅದೀಗ ಉಸಿರಾಟಕ್ಕೆ ಮಾತ್ರ.

ನನ್ನ ಮೂಗಿನಲ್ಲೂ ಅಲ್ಲಿಯವರೆಗೆ ಎಣ್ಣೆ, ಏಲಕ್ಕಿಯ ಘಮವೇ ತುಂಬಿತ್ತು. ಆದರೆ ಫರ್ವಾನಿಯಾದ ಬೆಕ್ಕುಗಳಿಗೆ ಅಂಥ ತೊಡಕೇನೂ ಇರಲಿಲ್ಲ. ಮೊದಲು ಕಸದ ಡಬ್ಬಿಯ ಹಿಂದಿನಿಂದ ಒಂದು ಕಂದು ಬೆಕ್ಕು ಬಂತು, ಆಮೇಲೆ ಅದರ ಸಂಸಾರ, ಆಮೇಲೆ ಪಕ್ಕದ ಬೀದಿಯವರು. ಯಾರ ಅಪ್ಪಣೆಗೂ ಕಾಯದೆ ಗೊಂಬೆಯನ್ನು ನೆಕ್ಕತೊಡಗಿದವು. ಒಂದು ಮರಿ ತಲೆಯ ಮೇಲೇರಿ ನೆವ್ರಿ ಕಚ್ಚಿಕೊಂಡು ಓಡಿತು.

“ಮಮ್ಮಿ, ದೇ ಆರ್ ಈಟಿಂಗ್ ಹಿಮ್,” ಎಂದು ಮಗಳು ಅಳುವ ಧಾಟಿ ತೆಗೆದಳು. ಮಗನಿಗೆ ಮಾತ್ರ ಇದು ಹಿಮಕ್ಕಿಂತ ದೊಡ್ಡ ಹಬ್ಬ. ನೆಲಕ್ಕೆ ಬಗ್ಗಿ ತಾನೂ ನೆಕ್ಕಲು ಹೊರಟವನನ್ನು ಮಂಕಿ ಕ್ಯಾಪಿನ ಕುಚ್ಚು ಹಿಡಿದು ಮೇಲೆತ್ತಿದೆ.

ಗದ್ದಲ ಕೇಳಿ ಕಟ್ಟಡದ ಹಾರಿಸ್, ಅಂದರೆ ಕಾವಲಿನ ಈಜಿಪ್ಟಿನವ, ಪೊರಕೆ ಹಿಡಿದು ಬಂದ. ಮೊದಲು ಹಿಮ ನೋಡಿದ, ಆಮೇಲೆ ಬೆಕ್ಕುಗಳನ್ನು, ಆಮೇಲೆ ನಮ್ಮನ್ನು. “ಖಲಾಸ್, ಯಲ್ಲಾ, ಯಲ್ಲಾ,” ಎಂದ, ಸಾಕು ನಡೀರಿ ಎಂಬಂತೆ. ಬೆಕ್ಕುಗಳಿಗೆ ಹೇಳಿದನೋ ನಮಗೋ ತಿಳಿಯಲಿಲ್ಲ. ಅತ್ತೆ ಅವನ ಕೈಗೆ ಕುಸ್ವಾರಿನ ತಟ್ಟೆ ಕೊಟ್ಟರು. ಅವನು ಪೊರಕೆಯನ್ನು ಗೋಡೆಗೆ ಒರಗಿಸಿ ತಿನ್ನುತ್ತ ನಿಂತ.

ಮಕ್ಕಳಿಗೆ ಎರಡೆರಡು ಸಲ ಸೋಪು ಹಾಕಿ ಸ್ನಾನ ಮಾಡಿಸಿದೆ. ಕೋಟು ಮಾತ್ರ ಒಗೆದರೆ ಒಣಗುತ್ತಿರಲಿಲ್ಲ. ಸಂಜೆಯ ಪೂಜೆ ಇಗರ್ಜಿಯ ಅಂಗಳದಲ್ಲಿ, ಚಳಿ ಬೇರೆ. ಅದನ್ನೇ ಹಾಕಿಕೊಂಡು ಹೋದೆವು. ಕಾಲಿಡಲು ಜಾಗವಿಲ್ಲದಷ್ಟು ಜನ. ಆದರೂ ನಾವು ಕುಳಿತ ಸ್ವಲ್ಪ ಹೊತ್ತಿಗೆ ಸುತ್ತಲಿನ ಕುರ್ಚಿಗಳು ಒಂದೊಂದೇ ಖಾಲಿಯಾಗಿ, ಕಾಲು ಚಾಚಲೂ ಅನುಕೂಲವಾಯಿತು. ಮುಂದಿನ ಸಾಲಿನ ವಯಸ್ಸಾದ ಹೆಂಗಸೊಬ್ಬರು ಮಾತ್ರ ಕದಲಲಿಲ್ಲ. ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ಹಿಂದಕ್ಕೆ ತಿರುಗಿ ನನ್ನ ಕೈ ಹಿಡಿದು, “ಅಂಜಲ್ ಎಲ್ಲಿ ಸಿಕ್ಕಿತು ಮಾರಾಯ್ತಿ?” ಎಂದು ಪಿಸುಗುಟ್ಟಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಅದು ಅಂಜಲ್ ಅಲ್ಲ ಮಾರಾಯ್ರೇ, ಸ್ನೋ,” ಎಂದರು. ಆ ಹೆಂಗಸು ಗಂಭೀರವಾಗಿ ತಲೆಯಾಡಿಸಿದರು. ನಾನು ನಗು ತಡೆಯಲಾಗದೆ ದುಪ್ಪಟ್ಟಾದಲ್ಲಿ ಮುಖ ಹುದುಗಿಸಿ ಕುಳಿತೆ. ಭಕ್ತಿಯಿಂದ ಅಳುತ್ತಿದ್ದೇನೆಂದು ಭಾವಿಸಿ ಅತ್ತೆ ಬೆನ್ನು ಸವರಿದರು.

ಮನೆಗೆ ಹಿಂತಿರುಗುವಾಗ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದ್ದೆವು. “ಮುಂದಿನ ವರ್ಷ ಚಿಕನ್ ರೂಮಿಂದ ತರ್ತೇನೆ,” ಎಂದು ಗಂಡ ಮಗಳಿಗೆ ಸಮಾಧಾನ ಹೇಳಿದರು.

ಮಗಳು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಕೇಳಿದಳು: “ಡ್ಯಾಡಿ, ನಿಮ್ಮಲ್ಲಿ ಐಸ್‌ಕ್ರೀಮ್ ರೂಮ್ ಇಲ್ವಾ?”