ನಾಲ್ಕು ಎಣಿಸುವವರೆಗೆ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾಕಾ ಎಡಗೈಯ ಬೆರಳುಗಳನ್ನು ಚಾಚಿ ಗಿಟಾರಿನ ಆರೂ ತಂತಿಗಳ ಮೇಲೆ ಅಡ್ಡವಾಗಿ ಇಟ್ಟರು. ಜೀವನವಿಡೀ ತಾಮ್ರದ ತಂತಿ ಸುತ್ತಿ ಆ ಬೆರಳ ತುದಿಗಳು ಗೋಲಿಯಂತೆ ಗಟ್ಟಿಯಾಗಿದ್ದವು, ಉಗುರಿನ ಸಂದಿಯಲ್ಲಿ ವಾರ್ನಿಷಿನ ಕಂದು ಗೆರೆ. ಗಿಟಾರು ಕತ್ತರಿಸಿದ ಹಾಗೆ ಸುಮ್ಮನಾಯಿತು. ವೇಳೆ ನನಗೆ ಖಚಿತವಾಗಿ ಗೊತ್ತು. ಎದುರಿಗೆ ಶಾಲೆಯ ಗೋಡೆ ಗಡಿಯಾರವಿತ್ತು, ಎಣಿಕೆ ಶುರುವಾದಾಗ ಅದನ್ನು ನೋಡಿದ್ದೆ. ಒಂದು, ಎರಡು, ಮೂರು, ನಾಲ್ಕು.

ಎಣಿಸಬಾರದಿತ್ತು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಕುಳಗೇರಿ ಕ್ರಾಸಿನಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳ ಹಳೆಯ ತಂತಿ ಕಿತ್ತು ಹೊಸದು ಸುತ್ತುವುದು ಕೆಲಸ. ಸುತ್ತಲಿನ ಮದುವೆ, ಸನ್ಮಾನಗಳಲ್ಲಿ ಲೀಡ್ ಗಿಟಾರ್ ನುಡಿಸುವುದು ಹುಚ್ಚು. ನಾನು ಬಾಗಲಕೋಟೆಯಲ್ಲಿ ಬಿ.ಕಾಂ. ಓದುತ್ತಿದ್ದಾಗ, ಅಪ್ಪನ ಜೊತೆ ಮೋಟಾರು ತರಲು ಹೋಗಿ, ಅಲ್ಲಿ ಗೋಡೆಗೆ ತೂಗುಹಾಕಿದ್ದ ಗಿಟಾರು ಕಂಡು ಕೇಳಿ ಇಸಿದುಕೊಂಡೆ. ಮೊಬೈಲ್ ನೋಡಿ ಕಲಿತದ್ದನ್ನೆಲ್ಲ ಜೋರಾಗಿ ನುಡಿಸಿ ತೋರಿಸಿದೆ. ಅವರು ಬೆನ್ನು ತಿರುಗಿಸಿ ತಂತಿ ಸುತ್ತುತ್ತಲೇ ಇದ್ದರು.

"ಚಲೋ ಬಾರಸ್ತಿ ತಂಗಿ. ಆದ್ರ ನೀ ಒಬ್ಬಾಕಿ ಬಾರಸಾಕತ್ತಿಲ್ಲ. ತಂತಿಗೋಳೂ ತಮ್ಮಷ್ಟಕ್ಕ ತಾವ ಬಾರಸಾಕತ್ತಾವು."

ಅಪ್ಪ ನಕ್ಕ. ನನಗೆ ಸಿಟ್ಟು ಬಂತು. ಮುಂದಿನ ರವಿವಾರ ಒಬ್ಬಳೇ ಹೋದೆ. ಹಾಗೆ ಐದು ವರ್ಷ ಹೋದೆ.

ಅವರು ಕಲಿಸಿದ್ದು ಹಾಡುಗಳನ್ನಲ್ಲ. ಒಂದು ತಂತಿ ಮಾತಾಡುವಾಗ ಉಳಿದ ಐದನ್ನು ಸುಮ್ಮನೆ ಕೂರಿಸುವುದನ್ನು. ಬಲ ಅಂಗೈಯ ಬುಡ ದಪ್ಪ ತಂತಿಗಳ ಮೇಲೆ ಒರಗಿರಬೇಕು. ಎಡಗೈ ತೋರುಬೆರಳಿನ ತುದಿ ಪಕ್ಕದ ದಪ್ಪ ತಂತಿಗೆ ತಾಕಿರಬೇಕು, ಅದೇ ಬೆರಳಿನ ಹೊಟ್ಟೆ ಕೆಳಗಿನ ತೆಳು ತಂತಿಗಳ ಮೇಲೆ ಸಡಿಲವಾಗಿ ಮಲಗಿರಬೇಕು. ನಾನು ಅಲ್ಲಿಯೂ ಒತ್ತಿಬಿಡುತ್ತಿದ್ದೆ, ಬೇಡದ ಸ್ವರ ಹೊರಡುತ್ತಿತ್ತು. ಒತ್ತಬ್ಯಾಡ, ಮುಟ್ಟು, ಮಲಗಿದ ಕೂಸಿನ ಮ್ಯಾಲೆ ಕೈ ಇಟ್ಟಂಗ ಇರ್ಲಿ ಅನ್ನುತ್ತಿದ್ದರು. ಆಂಪ್ಲಿಫೈಯರಿನಲ್ಲಿ ಸಣ್ಣ ಸಪ್ಪಳವನ್ನೂ ಹಿಗ್ಗಿಸುವ ಡಿಸ್ಟಾರ್ಶನ್ ಪೂರ್ತಿ ಏರಿಸಿಯೇ ನುಡಿಸಬೇಕಿತ್ತು, ಕಸ ಇದ್ದರೆ ಅದರಲ್ಲಿ ಮುಚ್ಚಿಡಲಾಗುವುದಿಲ್ಲ. ತಾವು ಅತ್ತ ಮುಖ ಮಾಡಿ ಕಾಯಿಲು ಸುತ್ತುತ್ತ, ಸುತ್ತಿನ ಲೆಕ್ಕ ತಪ್ಪದೆ, ನಡುವೆ ಒಂದೇ ಮಾತು ಎಸೆಯುತ್ತಿದ್ದರು: "ನಲವತ್ತೊಂದು, ನಲವತ್ತೆರಡು, ಮೂರನೇ ತಂತಿ ಗೊಣಗಾಕತ್ತೈತಿ, ನಲವತ್ಮೂರು."

ಒಮ್ಮೆ ಹುಬ್ಬಳ್ಳಿ ಕಡೆಯ ಗಿಟಾರಿಸ್ಟ್ ಒಬ್ಬ ಬೇಡದ ತಂತಿ ಅನುರಣಿಸದಿರಲೆಂದು ಗಿಟಾರಿನ ಕತ್ತಿಗೆ ಹೆಂಗಸರು ಕೂದಲಿಗೆ ಹಾಕುವ ರಬ್ಬರ್ ಕಟ್ಟಿಕೊಂಡು ಬಂದಿದ್ದ. ಈಗ ಬಹಳ ಜನ ಹಾಗೆ ಮಾಡುತ್ತಾರೆ, ತಪ್ಪೇನಿಲ್ಲ. ಕಾಕಾ ಅದನ್ನು ಬಗ್ಗಿ ನೋಡಿ, "ಜಡಿ ಹಾಕೀರಲ್ಲ, ಇನ್ನ ಹೂ ಅಷ್ಟು ಮುಡಸ್ರಿ" ಅಂದರು. ಆತ ಇಡೀ ಕಾರ್ಯಕ್ರಮದಲ್ಲಿ ಇವರತ್ತ ಮುಖ ತಿರುಗಿಸಲಿಲ್ಲ.

ಇನ್ನೊಂದು ರೂಢಿಯಿತ್ತು. ಲೋಹದ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮೋಟಾರು, ಮೈಕು, ಯಾರದೋ ಮನೆಯ ನಲ್ಲಿ, ಯಾವುದೇ ಇರಲಿ, ಹಿಂಗೈ ತಾಕಿಸಿ ನೋಡುವುದು. ಕರೆಂಟು ಹೊಡೆದರೆ ಬೆರಳು ಮಡಚಿಕೊಳ್ಳುತ್ತವೆ, ಅಂಗೈಯಾದರೆ ಹಿಡಿದದ್ದು ಬಿಡುವುದಿಲ್ಲ, ಹಿಂಗೈಯಾದರೆ ಕೈ ತಾನೇ ನಮ್ಮತ್ತ ಸರಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ಕಾಕು, ಅಂದರೆ ಅವರ ಹೆಂಡತಿ, ಚಹಾ ತಂದಾಗಲೆಲ್ಲ ಇದೊಂದು ಮಾತು ಹೇಳುತ್ತಿದ್ದಳು: "ಲಗ್ನದಾಗ ನನ್ನ ಕೈನೂ ಹಿಂಗೈಲೇನ ಮುಟ್ಯಾರ. ಕರೆಂಟ್ ಐತೇನಂತ ನೋಡ್ಯಾರ." "ಇತ್ತಲ್ಲ" ಅನ್ನುತ್ತಿದ್ದರು ಕಾಕಾ, ತಲೆ ಎತ್ತದೆ.

ಆ ದಿನ ಗುಡೂರಿನ ಒಂದು ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಮಾಸ್ತರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕಾಕಾ ಲೀಡ್, ನಾನು ಅವರ ಪಕ್ಕದಲ್ಲಿ ರಿದಂ ಗಿಟಾರ್. ಬೆಳಿಗ್ಗೆ ಬಂದವರೇ ಅವರು ಎಲ್ಲವನ್ನೂ ಹಿಂಗೈಯಿಂದ ಮುಟ್ಟಿ ನೋಡಿದ್ದರು. ಮೂರೂವರೆಗೆ ಕರೆಂಟು ಹೋಯಿತು. ಸೌಂಡಿನವರು ಮೈಕುಗಳನ್ನು ಜನರೇಟರಿಗೆ ಬದಲಿಸಿದರು, ಅವಸರದಲ್ಲಿ ಒಂದು ವಾಯರು ಉಲ್ಟಾ ಸೇರಿತ್ತೆಂದು ಆಮೇಲೆ ತಿಳಿಯಿತು. ನಮ್ಮ ಆಂಪ್ಲಿಫೈಯರುಗಳು ಮಾತ್ರ ಶಾಲೆಯ ಪ್ಲಗ್ಗಿನಲ್ಲೇ ಉಳಿದವು. ಕರೆಂಟು ಬಂದ ಕೂಡಲೆ ಶುರು ಮಾಡ್ರಿ ಶುರು ಮಾಡ್ರಿ ಎಂದು ಕೂಗಾಟ. ಬದಲಾದ ಮೈಕನ್ನು ಯಾರೂ ಮತ್ತೆ ಮುಟ್ಟಿ ನೋಡಲಿಲ್ಲ. ಕಾಕಾ ಕೂಡ.

ಹಾಡಿನ ನಡುವೆ ಒಮ್ಮೆಲೇ ಎಲ್ಲ ತಂತಿಗಳನ್ನೂ ಕೈಯಿಟ್ಟು ನಿಲ್ಲಿಸಿ, ಮೈಕನ್ನು ಹತ್ತಿರ ಎಳೆದು "ಶರಣ್ರೀ" ಅಂದು, ಸರಿಯಾಗಿ ನಾಲ್ಕು ಎಣಿಸಿದ ಮೇಲೆ ಮತ್ತೆ ನುಡಿಸುವುದು ಅವರ ವರಸೆ. ಜನಕ್ಕೆ ಅದೇ ಬೇಕು. ನನಗೆ ಹೇಳಿದ್ದರು: ನಾಕರ ತನಕ ಅಲುಗಬ್ಯಾಡ, ಏನ ಆಗ್ಲಿ.

ಎಡಗೈ ತಂತಿಗಳ ಮೇಲೆ. ಬಲಗೈ ಮೈಕನ್ನು ಹಿಡಿಯಿತು, ಅಂಗೈಯಿಂದ. "ಶರಣ್ರೀ" ಬರಲಿಲ್ಲ. ಜನ ಸೀಟಿ ಹೊಡೆದರು, ಚಪ್ಪಾಳೆ ತಟ್ಟಿದರು. ಇಂದು ಏನೋ ಹೊಸದು ಮಾಡುತ್ತಿದ್ದಾರೆ ಅಂದುಕೊಂಡೆ. ಒಂದು. ಎರಡು. ಅವರ ಕುತ್ತಿಗೆಯ ನರಗಳು ಉಬ್ಬಿದ್ದು ಕಂಡಿತು. ಮೂರು. ಕಂಡರೂ ಎಣಿಸಿದೆ. ನಾಲ್ಕು.

ಆಮೇಲೆ ಅವರ ಕಣ್ಣು ನೋಡಿದೆ. ಕರೆಂಟು ಹಿಡಿದವರನ್ನು ಮುಟ್ಟಬಾರದೆಂದು ಅವರೇ ಕಲಿಸಿದ್ದು ನೆನಪಿತ್ತು. ಮೈಕಿನ ಕರಿ ವಾಯರನ್ನು ಎರಡೂ ಕೈಯಿಂದ ಹಿಡಿದು ಬಲವಾಗಿ ಜಗ್ಗಿದೆ. ಮೈಕು ಕಿತ್ತು ಬಂತು, ಅವರು ಹಿಂದಕ್ಕೆ ಬಿದ್ದರು, ಬೀಳುವಾಗ ಗಿಟಾರಿನ ಆರೂ ತಂತಿಗಳು ಒಟ್ಟಿಗೆ ಅರಚಿದವು. ಐದು ವರ್ಷದಲ್ಲಿ ಅವರ ಕೈಯಿಂದ ಅಂಥ ಸಪ್ಪಳ ಕೇಳಿರಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಎಂಟು ದಿನ. ಜೀವ ಉಳಿಯಿತು. ಮೈಕಿನಿಂದ ಹೊಕ್ಕ ಕರೆಂಟು ಗಿಟಾರಿನ ತಂತಿಗಳ ಮೂಲಕ ಹೊರಬಿದ್ದಿತ್ತು: ಬಲ ಅಂಗೈ ಸುಟ್ಟಿತ್ತು, ಎಡಗೈಯಲ್ಲಿ ತೋರುಬೆರಳೇ ಹೆಚ್ಚು, ಆರು ಕಡೆ ಸುಟ್ಟಿತ್ತು, ತಂತಿಗಳು ಗೆರೆ ಎಳೆದ ಹಾಗೆ. ಎಲ್ಲರೂ ನನ್ನನ್ನು ಹೊಗಳಿದರು. ಕಾಕು ನನ್ನ ಕೈ ಹಿಡಿದು ಅತ್ತಳು. ನಾನು ಯಾರಿಗೂ ಆ ನಾಲ್ಕರ ವಿಷಯ ಹೇಳಲಿಲ್ಲ. ಕಣ್ಣು ಮುಚ್ಚಿದರೆ ಎಣಿಕೆ ಶುರುವಾಗುತ್ತಿತ್ತು, ನಾಲ್ಕಕ್ಕೆ ಸರಿಯಾಗಿ ಎಚ್ಚರ. ನಾನು ಕೆಲಸ ಮಾಡುವ ಆಫೀಸಿನಲ್ಲಿ ಕಂಪ್ಯೂಟರನ್ನೂ ಹಿಂಗೈಯಿಂದ ಮುಟ್ಟತೊಡಗಿದ್ದೆ. ಎರಡು ತಿಂಗಳು ಕುಳಗೇರಿ ಕ್ರಾಸಿನ ಕಡೆ ಹೋಗಲಿಲ್ಲ.

ಕೊನೆಗೆ ಕಾಕುವೇ ಫೋನ್ ಮಾಡಿ, ಗಿಟಾರ್ ಕೆಳಗ ಇಳಿಸ್ಯಾರ, ಬಾ ಅಂದಳು. ಹೋದಾಗ ಅವರು ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದರು. ಸ್ವರ ಸರಿಯಿತ್ತು, ಆದರೆ ಅದರ ಹಿಂದೆ ಒಂದಲ್ಲ ಒಂದು ತಂತಿ ಗೊಣಗುತ್ತಲೇ ಇತ್ತು. ತೋರುಬೆರಳಿಗೆ ಸ್ಪರ್ಶ ಹೋಗಿತ್ತು. ಒತ್ತಿದ್ದು ತಿಳಿಯುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ ಅಂದರು. ನಾನು ನನ್ನ ಜಡೆಯ ರಬ್ಬರ್ ತೆಗೆದು ಅವರ ಮುಂದೆ ಹಿಡಿದೆ. ನೋಡಿ ನಕ್ಕರು.

"ಇಟ್ಕೊ. ಗೊಣಗ್ಲಿ ಬಿಡು. ಸತ್ತವನ ಗಿಟಾರು ಭಾಳ ಸ್ವಚ್ಛ ಇರತೈತಿ."

ಆಗ ಹೇಳಿಬಿಟ್ಟೆ. ಕಾಕಾ, ನಾ ನಾಕರ ತನಕ ಎಣಿಸ್ಕೋತ ನಿಂತಿದ್ದೆ ಅಂದೆ. ಕಂಡಿತ್ತು, ಆದರೂ ನಿಂತಿದ್ದೆ ಅಂದೆ.

ಅವರು ಗಿಟಾರನ್ನು ಮಡಿಲಿಗೆ ಒರಗಿಸಿಕೊಂಡರು.

"ನಾನೂ ಎಣಸಾಕತ್ತಿದ್ನಿ. ಬಾಯಿ ಇಲ್ಲ, ಕೈ ಇಲ್ಲ, ಅದೊಂದ ನಡದಿತ್ತು. ನಾಕರ ತನಕ ನೀ ಬರೂದಿಲ್ಲ ಅಂತ ಗೊತ್ತಿತ್ತು, ನಾನ ಕಲಿಸಿದ್ದಲ್ಲ. ಐದಕ್ಕ ಬರ್ತಿ ಅನ್ನೂದೂ ಗೊತ್ತಿತ್ತು."

ಮತ್ತೆ ನುಡಿಸತೊಡಗಿದರು. ಮೂರನೆಯದು ಗೊಣಗುತ್ತಿತ್ತು. ನಾನು ಹೇಳಲಿಲ್ಲ.

ಅಂದು ರವಿವಾರ. ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಸೋಮವಾರ ಬಿಸಿಲು ಮುಖಕ್ಕೆ ಬಿದ್ದಾಗ.